ಕಾಯಿಲೆ ಇರುವ ನಾಯಿಯ ಜೊತೆ ವಿಮಾನ ಪ್ರಯಾಣ: ಟಿಕೆಟ್‌ಗಿಂತ ಮೊದಲು ಮಾಡಬೇಕಾದ ಕೆಲಸಗಳು

ಟಿಕೆಟ್ ಇನ್ನೂ ಬುಕ್ ಮಾಡಿಲ್ಲ ಅಂದರೆ ಒಳ್ಳೆಯದೇ ಆಯಿತು, ಸ್ವಲ್ಪ ತಡೆಯಿರಿ. ಹಾರ್ಟ್ ತೊಂದರೆ, ಶುಗರ್, ಫಿಟ್ಸ್, ಕಿಡ್ನಿ, ಉಸಿರಾಟದ ಕಷ್ಟ, ಹೀಗೆ ಏನೋ ಒಂದು ಇರುವ ನಾಯಿಯನ್ನು ವಿಮಾನ ಹತ್ತಿಸಬಹುದಾ ಅಂತ ಕೇಳಿದರೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಎಷ್ಟೋ ನಾಯಿಗಳು ಆರಾಮಾಗಿ ಹೋಗುತ್ತವೆ. ಕೆಲವನ್ನು ಯಾವ ಕಾರಣಕ್ಕೂ ಹತ್ತಿಸಬಾರದು. ಕಾಯಿಲೆಯ ಹೆಸರು ನೋಡಿ ಹೆದರುವ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಆ ಕಾಯಿಲೆ ಈಗ ಹತೋಟಿಯಲ್ಲಿ ಇದೆಯಾ? ದಾರಿಯಲ್ಲಿ ಏನಾದರೂ ಆದರೆ ನಾಯಿ ನಿಮ್ಮ ಕೈಗೆ ಸಿಗುತ್ತದಾ? ಮುಂದೆ ಬರುವ ಎಲ್ಲ ತೀರ್ಮಾನಗಳೂ ಈ ಎರಡರಿಂದಲೇ ಹೊರಡುತ್ತವೆ.

ಮೇಲೆ ಹೋದಾಗ ಮೈಗೆ ಏನಾಗುತ್ತದೆ

ಹಾರುವ ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಇರುತ್ತದೆ. 8,000 ಅಡಿ ಅಂದರೆ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಸುಮಾರು ಕಾಲು ಭಾಗ ಕಡಿಮೆ ಆಮ್ಲಜನಕ. ಗಾಳಿಯಲ್ಲಿ ತೇವವೂ ಕಡಿಮೆ, ಸಾಮಾನ್ಯವಾಗಿ ಶೇ. 20ರ ಒಳಗೆ. ನಾಯಿಗಳನ್ನು ಇಡುವ ವಿಮಾನದ ಹೊಟ್ಟೆಯ ಭಾಗದಲ್ಲೂ ಒತ್ತಡ ಇಷ್ಟೇ ಇರುತ್ತದೆ. ಗಟ್ಟಿಮುಟ್ಟಾದ ನಾಯಿಗೆ ಇದು ಗೊತ್ತೂ ಆಗುವುದಿಲ್ಲ. ಹೃದಯವೋ ಶ್ವಾಸಕೋಶವೋ ಆಗಲೇ ತ್ರಾಸು ಪಡುತ್ತಿದ್ದರೆ, ಅಥವಾ ರಕ್ತಹೀನತೆ ಇದ್ದರೆ, ಆ ಕಾಲು ಭಾಗದ ಕೊರತೆಯೇ ಭಾರವಾಗುತ್ತದೆ. ಇನ್ನೊಂದು ವಿಷಯ, ಮೈಯೊಳಗೆ ಸಿಕ್ಕಿಕೊಂಡಿರುವ ಗಾಳಿ ಮೇಲೆ ಹೋದಂತೆ ಹಿಗ್ಗುತ್ತದೆ, ಹತ್ತಿರ ಹತ್ತಿರ ಮೂರನೇ ಒಂದು ಭಾಗದಷ್ಟು. ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡ ನಾಯಿಗೆ, ಈಚೆಗಷ್ಟೇ ಎದೆ, ಹೊಟ್ಟೆ, ಕಣ್ಣಿನ ಆಪರೇಷನ್ ಆದ ನಾಯಿಗೆ ಇದು ನಿಜವಾದ ಅಪಾಯ.

ಆದರೂ ಆಕಾಶಕ್ಕಿಂತ ಜಾಸ್ತಿ ಭಯಪಡಬೇಕಾದ್ದು ನೆಲದ ಮೇಲೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗುವುದು ಗೊತ್ತಿಲ್ಲ, ಏದುಸಿರು ಬಿಟ್ಟೇ ಕಾವು ಇಳಿಸಿಕೊಳ್ಳಬೇಕು. ರನ್‌ವೇ ಪಕ್ಕ ಬಿಸಿಲಲ್ಲಿ ಕ್ರೇಟ್ ಕಾಯುತ್ತಾ ನಿಂತಿದ್ದರೆ, ಒಳಗೆ ಗಾಬರಿಯಲ್ಲಿರುವ ನಾಯಿ ತೇಕುತ್ತಾ ಇದ್ದರೆ, ಕಾವು ಇಳಿಯುವ ಬದಲು ಏರುತ್ತದೆ. ಅದಕ್ಕೇ ಅಮೆರಿಕದ ನಿಯಮದಲ್ಲಿ, ಪ್ರಾಣಿಗಳನ್ನು ವಿಮಾನಕ್ಕೆ ಸಾಗಿಸುವಾಗ 85 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 29.5 ಸೆಲ್ಸಿಯಸ್) ಮೀರಿದ ಬಿಸಿಯಲ್ಲಿ 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಬಿಡುವಂತಿಲ್ಲ ಅಂತ ಇದೆ. ಅದು ಗಟ್ಟಿ ನಾಯಿಗೂ ಹಾಕಿದ ಮಿತಿ, ನೆನಪಿರಲಿ.

ಮೊದಲ ಕೆಲಸ: ಡಾಕ್ಟರ ಹತ್ತಿರ ಕೂತು ಮಾತಾಡುವುದು

ದೇಶದ ಒಳಗಿನ ಪ್ರಯಾಣ ಆದರೆ ಒಂದೆರಡು ತಿಂಗಳು ಮುಂಚೆ, ಹೊರದೇಶಕ್ಕೆ ಆದರೆ ಆರು ತಿಂಗಳು ಮುಂಚೆ ಹೋಗಿ. “ವಿಮಾನದಲ್ಲಿ ಕರ್ಕೊಂಡು ಹೋಗಬಹುದಾ ಡಾಕ್ಟ್ರೇ?” ಅಂತ ಸುಮ್ನೆ ಕೇಳಿದರೆ “ಜೋಪಾನವಾಗಿ ಕರ್ಕೊಂಡು ಹೋಗಿ” ಅನ್ನುವ ಉತ್ತರ ಬರುತ್ತದೆ, ಅದರಿಂದ ಏನೂ ಉಪಯೋಗ ಇಲ್ಲ. ಬಿಡಿಬಿಡಿಯಾಗಿ ಕೇಳಿ. ಇಷ್ಟು ಗಂಟೆ ಆಮ್ಲಜನಕ ಕಡಿಮೆ ಇದ್ದರೆ ಇವನಿಗೆ ತಡೆಯುತ್ತದಾ? ಒಂದು ಡೋಸ್ ನಾಲ್ಕು ಗಂಟೆ ತಡವಾದರೆ ಏನಾಗುತ್ತದೆ? ಊಟ ಬಿಟ್ಟರೆ ಔಷಧಿ ಕೊಡಬೇಕಾ ಬೇಡವಾ? ವಿಪರೀತ ಗಾಬರಿಯಾದರೆ ಕಾಯಿಲೆ ಕೆರಳುತ್ತದಾ? ಉತ್ತರಗಳನ್ನು ಬರೆದುಕೊಂಡು ಬನ್ನಿ.

ರಕ್ತ ಪರೀಕ್ಷೆ, ಹಾರ್ಟ್ ತೊಂದರೆ ಇದ್ದರೆ ಎದೆಯ ಎಕ್ಸ್‌ರೇ ಅಥವಾ ಎಕೋ, ಫಿಟ್ಸ್ ಮಾತ್ರೆ ನಡೆಯುತ್ತಿದ್ದರೆ ರಕ್ತದಲ್ಲಿ ಆ ಔಷಧಿ ಎಷ್ಟಿದೆ ಅನ್ನುವ ಪರೀಕ್ಷೆ, ಇವನ್ನು ಈಗಲೇ ಮಾಡಿಸಿ. ಹೊಸ ಔಷಧಿ ಶುರು ಮಾಡುವುದು, ಡೋಸ್ ಬದಲಾಯಿಸುವುದು ಇದ್ದರೆ ಅದೂ ಈಗಲೇ ಆಗಲಿ. ಹೊರಡುವ ವಾರದಲ್ಲಿ ಡೋಸ್ ಬದಲಾದ ನಾಯಿಯ ಬಗ್ಗೆ ಯಾರೂ ಖಾತ್ರಿ ಕೊಡಲಾರರು.

ಅಂದಿನಿಂದ ಮನೆಯಲ್ಲಿ ಒಂದು ಪುಸ್ತಕ ಇಡಿ. ಹಾರ್ಟ್ ಅಥವಾ ಶ್ವಾಸಕೋಶದ ತೊಂದರೆ ಇದ್ದರೆ ಅದರಲ್ಲಿ ದಿನವೂ ಒಂದು ಅಂಕಿ ಇರಲೇಬೇಕು, ನಿದ್ದೆಯಲ್ಲಿ ಉಸಿರಾಟ ಎಷ್ಟು ಅಂತ. ನಾಯಿ ಗಾಢವಾಗಿ ಮಲಗಿರುವಾಗ ಮುಟ್ಟದೆ, ಕರೆಯದೆ, ಪಕ್ಕೆಯನ್ನೇ ನೋಡಿ. ಪಕ್ಕೆ ಮೇಲೆದ್ದು ಕೆಳಗಿಳಿದರೆ ಒಂದು. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಕನಸು ಕಾಣುತ್ತಾ ಕಾಲು ಒದರುತ್ತಿದ್ದರೆ ಆ ಹೊತ್ತು ಬಿಟ್ಟು ಆಮೇಲೆ ಎಣಿಸಿ. ನಿಮಿಷಕ್ಕೆ 30ರ ಒಳಗೆ ಇರಬೇಕು. ದಿನವೂ 20ರ ಆಸುಪಾಸು ಇದ್ದದ್ದು ಮೂರು ದಿನದಿಂದ 34, 36 ಅಂತ ಬರುತ್ತಿದ್ದರೆ ನಾಯಿ ಬಾಲ ಅಲ್ಲಾಡಿಸುತ್ತಾ ಓಡಾಡಿಕೊಂಡಿದ್ದರೂ ಡಾಕ್ಟರಿಗೆ ಫೋನ್ ಮಾಡಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವುದು ಎಷ್ಟೋ ಸಲ ಮೊದಲು ಈ ಅಂಕಿಯಲ್ಲೇ ಗೊತ್ತಾಗುತ್ತದೆ.

ಯಾರಿಗೆ ಬೇಡವೇ ಬೇಡ

ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಹತೋಟಿಗೆ ಬಾರದ ಹಾರ್ಟ್ ಫೇಲ್ಯೂರ್, ಕೂತಲ್ಲೇ ತೇಕುವಂಥ ಉಸಿರಾಟದ ತೊಂದರೆ, ತೀವ್ರ ರಕ್ತಹೀನತೆ, ಎದೆಗೂಡಿನಲ್ಲಿ ಗಾಳಿ, ಮೇಲಿಂದ ಮೇಲೆ ಬರುವ ಫಿಟ್ಸ್, ಹೊಲಿಗೆ ಮಾಯದ ಆಪರೇಷನ್ ಗಾಯ. ಇವುಗಳಲ್ಲಿ ಒಂದಿದ್ದರೂ ವಿಮಾನದ ಯೋಚನೆ ಸದ್ಯಕ್ಕೆ ಬಿಡಿ. ರಸ್ತೆಯಲ್ಲೋ ರೈಲಿನಲ್ಲೋ ಹೋಗಬಹುದಾ ನೋಡಿ, ಅಥವಾ ನಾಯಿಗೆ ಗೊತ್ತಿರುವ ಒಬ್ಬರನ್ನು ಮನೆಗೇ ಕರೆಸಿ ಬಿಟ್ಟುಹೋಗಿ. ರಜೆಗೆ ಹತ್ತು ದಿನ ಹೋಗಿಬರುವುದಕ್ಕೆ ಕಾಯಿಲೆಯ ನಾಯಿಯನ್ನು ಎರಡೆರಡು ಸಲ ವಿಮಾನ ಹತ್ತಿಸುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಮನೆಯೇ ಬದಲಾಗುತ್ತಿದೆ, ಬೇರೆ ದಾರಿ ಇಲ್ಲ ಅನ್ನುವವರ ಮಾತು ಬೇರೆ.

ಕ್ಯಾಬಿನ್ನೋ, ವಿಮಾನದ ಹೊಟ್ಟೆಯೋ

ನಾಯಿ ಹೋಗುವುದಕ್ಕೆ ಮೂರು ದಾರಿ. ನಿಮ್ಮ ಸೀಟಿನ ಕೆಳಗೆ ಕ್ಯಾರಿಯರ್‌ನಲ್ಲಿ, ನೀವು ಹೋಗುವ ವಿಮಾನದ ಹೊಟ್ಟೆಯಲ್ಲಿ ಲಗೇಜ್ ಲೆಕ್ಕದಲ್ಲಿ, ಇಲ್ಲವೇ ಬೇರೆಯಾಗಿ ಕಾರ್ಗೋ ಲೆಕ್ಕದಲ್ಲಿ. ಕ್ಯಾಬಿನ್ ಅಂದರೆ ಸಾಮಾನ್ಯವಾಗಿ ಕ್ಯಾರಿಯರ್ ಸೇರಿ ಏಳೆಂಟು ಕಿಲೋ ಒಳಗಿನ ಸಣ್ಣ ನಾಯಿಗಳಿಗೆ ಮಾತ್ರ. ಮಿತಿ ಒಂದೊಂದು ಏರ್‌ಲೈನ್‌ಗೂ ಬೇರೆ. ಒಂದು ವಿಮಾನಕ್ಕೆ ಇಷ್ಟೇ ನಾಯಿ ಅಂತಲೂ ಇರುತ್ತದೆ. ಆದ್ದರಿಂದ ಮೊದಲು ಫೋನ್ ಮಾಡಿ ನಾಯಿಯ ಜಾಗ ಗಟ್ಟಿ ಮಾಡಿಕೊಂಡು ಆಮೇಲೆ ನಿಮ್ಮ ಟಿಕೆಟ್ ತೆಗೆದುಕೊಳ್ಳಿ.

ವಿಮಾನದ ಹೊಟ್ಟೆಯಲ್ಲಿ ಇಟ್ಟ ನಾಯಿಯ ಹತ್ತಿರ ಇಳಿಯುವವರೆಗೆ ಯಾರೂ ಹೋಗುವುದಿಲ್ಲ. ಫಿಟ್ಸ್ ಬಂದರೂ, ಶುಗರ್ ಇಳಿದರೂ, ಉಸಿರು ಕಟ್ಟಿದರೂ ಅದು ಒಂಟಿ. ಆದ್ದರಿಂದ ದಾರಿಯಲ್ಲಿ ಔಷಧಿ ಬೇಕಾಗುವ, ಯಾವಾಗ ಕೆರಳುತ್ತದೋ ಗೊತ್ತಿಲ್ಲದ ಕಾಯಿಲೆ ಇರುವ ನಾಯಿಯನ್ನು ಅಲ್ಲಿ ಇಡಬೇಡಿ. ಕಾಯಿಲೆ ತಿಂಗಳುಗಟ್ಟಲೆ ಒಂದೇ ಸಮ ಇದ್ದು, ಎರಡು ಡೋಸ್‌ಗಳ ನಡುವಿನ ಹೊತ್ತಿನಲ್ಲೇ ಪ್ರಯಾಣ ಮುಗಿಯುತ್ತದೆ ಅಂದರೆ ಮಾತ್ರ ಯೋಚಿಸಬಹುದು. ನೇರ ವಿಮಾನವೇ ಇರಲಿ. ದಾರಿಯಲ್ಲಿ ವಿಮಾನ ಬದಲಾಯಿಸುವುದು ಅಂದರೆ ಕ್ರೇಟ್ ಮತ್ತೆ ಕೆಳಗಿಳಿಯುತ್ತದೆ, ಮತ್ತೆ ಕಾಯುತ್ತದೆ, ತಪ್ಪಿಹೋಗುವ ಸಾಧ್ಯತೆಯೂ ಇದೆ. ಬೇಸಿಗೆಯಲ್ಲಿ ಬೆಳಗಿನ ಜಾವ ಅಥವಾ ರಾತ್ರಿಯ ವಿಮಾನ, ಕೊರೆಯುವ ಚಳಿಗಾಲದಲ್ಲಿ ಮಧ್ಯಾಹ್ನದ್ದು.

ಕೆಲವು ದೇಶಗಳು ಇಲ್ಲಿ ಆಯ್ಕೆಯನ್ನೇ ಕೊಡುವುದಿಲ್ಲ. ಬ್ರಿಟನ್ನಿಗೆ ವಿಮಾನದಲ್ಲಿ ಬರುವ ಸಾಕುನಾಯಿ ಸಾಮಾನ್ಯವಾಗಿ ಕಾರ್ಗೋದಲ್ಲೇ ಬರಬೇಕು. ಅದಕ್ಕೇ ಎಷ್ಟೋ ಜನ ನಾಯಿಯನ್ನು ಕ್ಯಾಬಿನ್‌ನಲ್ಲಿ ಯೂರೋಪಿನ ಯಾವುದಾದರೂ ಊರಿಗೆ ತಂದು, ಅಲ್ಲಿಂದ ಕಾರಿನಲ್ಲಿ ಹೋಗಿ, ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಸಮುದ್ರದ ಕೆಳಗಿನ ಸುರಂಗದಲ್ಲಿ ಓಡುವ ರೈಲು ಅಥವಾ ಫೆರಿ ಹಿಡಿದು ದಾಟುತ್ತಾರೆ. ಸುತ್ತು ದಾರಿ ಹೌದು, ಆದರೆ ನಾಯಿ ಕಣ್ಣೆದುರಿಗೇ ಇರುತ್ತದೆ.

ಚಪ್ಪಟೆ ಮೂತಿಯ ನಾಯಿಗಳು

ಪಗ್, ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಸ್ಟನ್ ಟೆರಿಯರ್, ಪೆಕಿನೀಸ್, ಶಿಟ್ಜು. ಇವುಗಳಿಗೆ ಬೇರೆ ಕಾಯಿಲೆಯೇ ಬೇಕಿಲ್ಲ, ಮೂತಿಯ ಆಕಾರವೇ ತೊಂದರೆ. ಮೂಗಿನ ಹೊಳ್ಳೆ ಕಿರಿದು, ಗಂಟಲ ಹಿಂದಿನ ಮೃದು ಭಾಗ ಉದ್ದ, ಗಾಬರಿಯಿಂದ ತೇಕಿದಷ್ಟೂ ಗಂಟಲು ಊದಿಕೊಂಡು ಗಾಳಿಯ ದಾರಿ ಇನ್ನಷ್ಟು ಕಟ್ಟುತ್ತದೆ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಹಿಂದಿನ ಐದು ವರ್ಷಗಳ ಲೆಕ್ಕ ಬಿಡುಗಡೆ ಮಾಡಿದಾಗ, ವಿಮಾನ ಪ್ರಯಾಣದಲ್ಲಿ ಸತ್ತ ಶುದ್ಧ ತಳಿಯ ನಾಯಿಗಳಲ್ಲಿ ಸುಮಾರು ಅರ್ಧ ಈ ಜಾತಿಯವೇ ಇದ್ದವು. ಈಗ ಹಲವು ಏರ್‌ಲೈನ್‌ಗಳು ಇವುಗಳನ್ನು ವಿಮಾನದ ಹೊಟ್ಟೆಯಲ್ಲಿ ಒಯ್ಯುವುದೇ ಇಲ್ಲ. ಒಯ್ಯುತ್ತೇವೆ ಅಂತ ಯಾರಾದರೂ ಒಪ್ಪಿದರೂ ನೀವು ಒಪ್ಪಬೇಡಿ. ಎಚ್ಚರ ಇದ್ದಾಗಲೂ ಗೊರಕೆಯ ಸದ್ದು ಬರುತ್ತದೆ, ಸ್ವಲ್ಪ ನಡೆದರೆ ನಾಲಿಗೆ ನೀಲಿಗಟ್ಟುತ್ತದೆ ಅಂದರೆ ಕ್ಯಾಬಿನ್ ಕೂಡ ಬೇಡ. ಮೊದಲು ಗಾಳಿಯ ದಾರಿ ಸರಿಪಡಿಸುವ ಆಪರೇಷನ್ ಬಗ್ಗೆ ಡಾಕ್ಟರ ಹತ್ತಿರ ಕೇಳಿ. ತೂಕ ಜಾಸ್ತಿ ಇದ್ದರೆ ಇಳಿಸಿ, ಅದರಿಂದ ಉಸಿರಾಟ ಎಷ್ಟೋ ಹಗುರಾಗುತ್ತದೆ.

ನಿದ್ದೆ ಮಾತ್ರೆ ಕೊಟ್ಟು ಮಲಗಿಸಿಬಿಡೋಣ ಅನ್ನುವ ಯೋಚನೆ

ಬೇಡ. ಇದರಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಮಂಪರು ಬರಿಸುವ ಔಷಧಿ ಬಿಪಿ ಇಳಿಸಬಹುದು, ಉಸಿರಾಟ ನಿಧಾನ ಮಾಡಬಹುದು, ಮೈ ಕಾವು ಕಾಪಾಡಿಕೊಳ್ಳುವ ಶಕ್ತಿ ತಗ್ಗಿಸಬಹುದು. ಕ್ರೇಟ್ ವಾಲಿದಾಗ ನಾಯಿಗೆ ಕಾಲೂರಿ ನಿಲ್ಲಲೂ ಆಗುವುದಿಲ್ಲ. ಹಿಂದಿನಿಂದ ಬಳಕೆಯಲ್ಲಿರುವ ಏಸ್‌ಪ್ರೊಮಜಿನ್ ಇಂಥದ್ದೇ ಒಂದು. ಪಶುವೈದ್ಯರ ಸಂಘಗಳು, ವಿಮಾನ ಸಂಸ್ಥೆಗಳ ಒಕ್ಕೂಟ ಐಯಾಟಾ, ಎಲ್ಲರೂ ಮಂಪರು ಬರಿಸಿ ಕಳಿಸಬೇಡಿ ಅಂತಲೇ ಹೇಳುತ್ತಾರೆ. ತೂಕಡಿಸುತ್ತಿರುವ ನಾಯಿಯನ್ನು ಕೌಂಟರ್‌ನಲ್ಲೇ ವಾಪಸ್ ಕಳಿಸುವ ಏರ್‌ಲೈನ್‌ಗಳೂ ಇವೆ.

ಗಾಬರಿ ಇಳಿಸುವುದು ಬೇರೆ ವಿಷಯ. ಗಾಬಾಪೆಂಟಿನ್, ಟ್ರಾಜೊಡೋನ್ ಥರದ ಔಷಧಿಯನ್ನು ಕೆಲವು ನಾಯಿಗಳಿಗೆ ಡಾಕ್ಟರು ಬರೆದುಕೊಡುತ್ತಾರೆ. ಹಾಗೆ ಕೊಟ್ಟರೆ ಪ್ರಯಾಣಕ್ಕೆ ಎರಡು ವಾರ ಮುಂಚೆ ಮನೆಯಲ್ಲೇ ಒಂದು ಸಲ ಕೊಟ್ಟು ಇಡೀ ದಿನ ನೋಡಿ. ಮನುಷ್ಯರ ಗಾಬಾಪೆಂಟಿನ್ ಸಿರಪ್ ಮಾತ್ರ ಮುಟ್ಟಲೇಬೇಡಿ, ಅದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿ ಇರಬಹುದು, ನಾಯಿಗೆ ಅದು ವಿಷ. ವಾಂತಿ ಮಾಡಿಕೊಳ್ಳುವ ನಾಯಿಗೆ ಮಾರೋಪಿಟಂಟ್ ಅನ್ನುವ ಮಾತ್ರೆ ಇದೆ, ಮಂಪರು ಬರಿಸುವುದಿಲ್ಲ, ಡಾಕ್ಟರನ್ನು ಕೇಳಿ.

ಒಂದೊಂದು ಕಾಯಿಲೆಗೆ ಒಂದೊಂದು ಲೆಕ್ಕ

ಶುಗರ್ ಇರುವ ನಾಯಿ. ಇನ್ಸುಲಿನ್ ಯಾವತ್ತೂ ನಿಮ್ಮ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಲಗೇಜಿನಲ್ಲಿ ಹಾಕಬೇಡಿ, ಅಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ತಂಪು ಚೀಲದಲ್ಲಿ ಇಡಿ, ಐಸ್ ಪ್ಯಾಕಿಗೆ ನೇರವಾಗಿ ತಾಗದ ಹಾಗೆ ಬಟ್ಟೆ ಸುತ್ತಿ. ಸಿರಿಂಜ್ ಕೂಡ ನಿಮ್ಮದೇ ಬೇಕಾದಷ್ಟು ಒಯ್ಯಿರಿ. ಯಾಕಂದರೆ ನಾಯಿಗಳ ಕೆಲವು ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ, ಮನುಷ್ಯರದ್ದು ಹೆಚ್ಚಾಗಿ 100 ಯೂನಿಟ್. ಹೋದ ಊರಿನ ಅಂಗಡಿಯಲ್ಲಿ ಸಿಕ್ಕಿದ ಸಿರಿಂಜಿನ ಗೆರೆ ಬೇರೆಯಾಗಿದ್ದು ನೀವು ಎಂದಿನ ಗೆರೆಗೇ ಎಳೆದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಸಮಯದ ವ್ಯತ್ಯಾಸ ಇರುವ ದೇಶಕ್ಕೆ ಹೋಗುವಾಗ ಎರಡು ಡೋಸ್ ಹತ್ತಿರ ಹತ್ತಿರ ಕೊಡಬೇಡಿ. ಕೆಲವು ಗಂಟೆ ಶುಗರ್ ಏರಿದರೆ ನಾಯಿ ತಡೆದುಕೊಳ್ಳುತ್ತದೆ, ಇಳಿದರೆ ತಡೆದುಕೊಳ್ಳುವುದಿಲ್ಲ. ತಿನ್ನದೆ ಇದ್ದರೆ ಎಷ್ಟು ಡೋಸ್ ಅನ್ನುವುದನ್ನು ಡಾಕ್ಟರಿಂದ ಮೊದಲೇ ಬರೆಸಿಕೊಂಡಿರಿ. ನಡುಗುವುದು, ತೂರಾಡುವುದು, ಕರೆದರೂ ಗಮನ ಇಲ್ಲದ ಹಾಗೆ ನೋಡುವುದು ಶುಗರ್ ಇಳಿದ ಲಕ್ಷಣ. ತಕ್ಷಣ ಸ್ವಲ್ಪ ಜೇನುತುಪ್ಪ ಅಥವಾ ಗ್ಲೂಕೋಸ್ ವಸಡಿಗೆ ಸವರಿ. ಪ್ರಜ್ಞೆ ಇಲ್ಲದ ನಾಯಿಯ ಬಾಯಿಗೆ ಸುರಿಯಬೇಡಿ.

ಫಿಟ್ಸ್ ಇರುವ ನಾಯಿಗೆ ಲೆಕ್ಕ ಇದರ ಉಲ್ಟಾ. ಇಲ್ಲಿ ತಡವಾಗುವುದೇ ಅಪಾಯ. ಫೀನೋಬಾರ್ಬಿಟಾಲ್ ಒಂದು ಡೋಸ್ ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ಮಾತ್ರೆಗೆ ಅಂತಲೇ ಒಂದು ಗಡಿಯಾರವನ್ನು ಊರಿನ ಸಮಯದಲ್ಲೇ ಇಟ್ಟುಕೊಂಡು, ತಲುಪಿದ ಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಸಿ. ಫೀನೋಬಾರ್ಬಿಟಾಲ್ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಯಂತ್ರಣದಲ್ಲಿರುವ ಔಷಧಿ, ಗಡಿ ದಾಟುವಾಗ ಮೂಲ ಪ್ಯಾಕ್, ಚೀಟಿ ಎರಡೂ ಬೇಕು, ಕೆಲವು ಕಡೆ ಮುಂಚಿತ ಅನುಮತಿಯೂ ಬೇಕಾಗಬಹುದು. ಪೊಟ್ಯಾಸಿಯಂ ಬ್ರೋಮೈಡ್ ಕೊಡುತ್ತಿದ್ದರೆ ಎಂದಿನ ಆಹಾರವನ್ನೇ ಜೊತೆಗೆ ಒಯ್ಯಿರಿ. ಊಟದಲ್ಲಿ ಉಪ್ಪು ಜಾಸ್ತಿಯಾದರೆ ಆ ಔಷಧಿ ಮೈಯಿಂದ ಬೇಗ ಹೊರಹೋಗುತ್ತದೆ. ಫಿಟ್ಸ್ ಬಂದಾಗ ಮೂಗಿಗೆ ಅಥವಾ ಗುದದ್ವಾರಕ್ಕೆ ಹಾಕುವ ತುರ್ತು ಔಷಧಿ ಜೇಬಿನಲ್ಲೇ ಇರಲಿ.

ಹಾರ್ಟ್ ತೊಂದರೆ ಇರುವ ನಾಯಿಗೆ ನೀರಿಳಿಸುವ ಮಾತ್ರೆ, ಅಂದರೆ ಫ್ಯೂರೋಸಮೈಡ್, ಕೊಡುತ್ತಿರುವವರಿಗೆ ಒಂದು ಆಸೆ ಆಗುತ್ತದೆ. ದಾರಿಯಲ್ಲಿ ಉಚ್ಚೆ ಹೊಯ್ಯುತ್ತದಲ್ವಾ, ಇವತ್ತೊಂದು ದಿನ ಬಿಟ್ಟರೆ ಏನು ಅಂತ. ದಯವಿಟ್ಟು ಬಿಡಬೇಡಿ. ಆ ಮಾತ್ರೆ ತಪ್ಪಿದ ದಿನವೇ ಶ್ವಾಸಕೋಶಕ್ಕೆ ನೀರು ನುಗ್ಗಬಹುದು, ಅದೂ ಆಮ್ಲಜನಕ ಕಡಿಮೆ ಇರುವ ಹೊತ್ತಿನಲ್ಲಿ. ಮಾತ್ರೆ ಕೊಡಿ, ಕ್ಯಾರಿಯರ್ ತಳಕ್ಕೆ ಹೀರುವ ಪ್ಯಾಡ್ ಎರಡು ಪದರ ಹಾಸಿ, ಇನ್ನಷ್ಟು ಪ್ಯಾಡ್ ಕೈಚೀಲದಲ್ಲಿ ಇಡಿ. ಒದ್ದೆ ಪ್ಯಾಡ್ ಬದಲಾಯಿಸುವುದು ದೊಡ್ಡ ಕೆಲಸ ಏನಲ್ಲ.

ಕಿಡ್ನಿ ತೊಂದರೆ ಇದ್ದರೂ ಇದೇ ಮಾತು, ಉಚ್ಚೆ ಆಗುತ್ತದೆ ಅಂತ ನೀರು ಕಡಿಮೆ ಮಾಡಬೇಡಿ. ಅಡಿಸನ್ಸ್ ಕಾಯಿಲೆ (ಒತ್ತಡ ತಡೆದುಕೊಳ್ಳಲು ಬೇಕಾದ ಹಾರ್ಮೋನು ಮೈಯಲ್ಲಿ ಸಾಕಷ್ಟು ಆಗದಿರುವುದು) ಇರುವ ನಾಯಿಗೆ ಒತ್ತಡದ ದಿನ ಸ್ಟೆರಾಯ್ಡ್ ಡೋಸ್ ಹೆಚ್ಚು ಬೇಕಾಗುತ್ತದೆ, ಎಷ್ಟು ಅಂತ ಮೊದಲೇ ಕೇಳಿ. ಶ್ವಾಸನಾಳ ಕುಗ್ಗುವ ತೊಂದರೆ ಇದ್ದರೆ ಕತ್ತಿಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಹಾಕಿ. ಕೀಲುನೋವಿನ ಮುದಿ ನಾಯಿಗೆ ದಪ್ಪ ಹಾಸಿಗೆ, ಹತ್ತುವ ಮೊದಲು ಒಳ್ಳೆ ನಡಿಗೆ.

ಕಾಗದಪತ್ರ

ಆರೋಗ್ಯ ಪ್ರಮಾಣಪತ್ರವನ್ನು ಹೆಚ್ಚಿನ ಕಡೆ ಹೊರಡುವುದಕ್ಕೆ ಹತ್ತು ದಿನದ ಒಳಗೆ ಮಾಡಿಸಿರಬೇಕು. ಅದರ ಜೊತೆ ಡಾಕ್ಟರಿಂದ ಒಂದು ಬೇರೆ ಪತ್ರ ಬರೆಸಿ. ಕಾಯಿಲೆ ಏನು, ಔಷಧಿಗಳ ಮೂಲ ಹೆಸರು, ಡೋಸ್, ಸೂಜಿ ಯಾಕೆ ಒಯ್ಯುತ್ತಿದ್ದೀರಿ, ಪ್ರಯಾಣಕ್ಕೆ ನಾಯಿ ಯೋಗ್ಯ ಅನ್ನುವ ಮಾತು, ಎಲ್ಲ ಒಂದು ಪುಟದಲ್ಲಿ. ಸೆಕ್ಯುರಿಟಿಯಲ್ಲಿ ತೋರಿಸಬೇಕಾದ್ದು ಈ ಪುಟವನ್ನೇ.

ಹೊರದೇಶ ಅಂದರೆ ಮೈಕ್ರೋಚಿಪ್ (ಗುರುತಿಗೆ ಅಂತ ನಾಯಿಯ ಚರ್ಮದ ಕೆಳಗೆ ಹಾಕುವ ಪುಟ್ಟ ಚಿಪ್) ಮತ್ತು ರೇಬೀಸ್ ಲಸಿಕೆಯ ದಿನಾಂಕ ತುಂಬಾ ಮುಖ್ಯ. ಯೂರೋಪಿಯನ್ ಒಕ್ಕೂಟಕ್ಕೆ ಹೋಗಲು ಮೊದಲು ಚಿಪ್, ಆಮೇಲೆ ಲಸಿಕೆ, ಅದು ಮೊದಲ ಲಸಿಕೆ ಆದರೆ 21 ದಿನ ಕಾಯಬೇಕು. ಕೆಲವು ದೇಶಗಳಿಂದ ಹೊರಡುವ ನಾಯಿಗೆ ಲಸಿಕೆಯ 30 ದಿನದ ನಂತರ ಅದು ಕೆಲಸ ಮಾಡಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ಅದರಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಸ್ಟೆರಾಯ್ಡ್ ಅಥವಾ ಕೀಮೋ ನಡೆಯುತ್ತಿರುವ ನಾಯಿಗೆ ಲಸಿಕೆ ಹಾಕುವುದನ್ನೇ ಡಾಕ್ಟರು ಮುಂದೂಡಬಹುದು. ಆರು ತಿಂಗಳು ಮುಂಚೆ ಶುರು ಮಾಡಿ ಅಂದದ್ದು ಇದಕ್ಕೇ.

ಕ್ರೇಟ್

ನಾಯಿ ಒಳಗೆ ತಲೆ ತಾಗದೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಐಯಾಟಾ ಲೆಕ್ಕ ಹೀಗಿದೆ: ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಮುಂಗಾಲಿನ ಮೊಣಕೈ ಎತ್ತರದ ಅರ್ಧ ಸೇರಿಸಿದರೆ ಕ್ರೇಟಿನ ಉದ್ದ, ಭುಜದ ಅಗಲದ ಎರಡರಷ್ಟು ಕ್ರೇಟಿನ ಅಗಲ. ಚಪ್ಪಟೆ ಮೂತಿಯವಕ್ಕೆ ಇದಕ್ಕಿಂತ ಶೇ. 10 ದೊಡ್ಡದು. ಹೊರದೇಶದ ಪ್ರಯಾಣಕ್ಕೆ ನಾಲ್ಕೂ ಕಡೆ ಗಾಳಿಕಿಂಡಿ ಬೇಕು.

ಕ್ರೇಟನ್ನು ಪ್ರಯಾಣದ ಹಿಂದಿನ ದಿನ ತಂದರೆ ಏನೂ ಪ್ರಯೋಜನ ಇಲ್ಲ. ವಾರಗಟ್ಟಲೆ ಮನೆಯ ನಡುವೆ ಬಾಗಿಲು ತೆಗೆದು ಇಡಿ, ಊಟ ಅದರಲ್ಲೇ ಹಾಕಿ, ಹಳೆ ಹೊದಿಕೆ ಹಾಸಿ, ಆಮೇಲೆ ಬಾಗಿಲು ಹಾಕಿ ಸ್ವಲ್ಪ ಹೊತ್ತು ಬಿಡುವುದು, ಕಾರಿನಲ್ಲಿ ಸುತ್ತಾಡಿಸುವುದು. ಕಾಯಿಲೆಯ ನಾಯಿಗೆ ಗಾಬರಿ ಕಡಿಮೆಯಾದಷ್ಟೂ ಹೃದಯದ ಮೇಲೆ, ಶುಗರ್ ಮೇಲೆ, ಫಿಟ್ಸ್ ಮೇಲೆ ಒತ್ತಡ ಕಡಿಮೆ. ಇಷ್ಟು ವಾರಗಳ ಅಭ್ಯಾಸದಿಂದ ಸಿಗುವ ಸಮಾಧಾನ ಯಾವ ಮಾತ್ರೆಯಿಂದಲೂ ಸಿಗುವುದಿಲ್ಲ.

ಹೊರಡುವ ದಿನ

ಹಗುರವಾದ ಊಟ ನಾಲ್ಕರಿಂದ ಆರು ಗಂಟೆ ಮುಂಚೆ. ಶುಗರ್ ಇರುವ ನಾಯಿಗೆ ಮಾತ್ರ ಡಾಕ್ಟರು ಹೇಳಿದ ಸಮಯವೇ. ನೀರು ಹೊರಡುವವರೆಗೂ ಕೊಡಿ. ಕ್ರೇಟಿನ ಬಟ್ಟಲಿನಲ್ಲಿ ಹಿಂದಿನ ರಾತ್ರಿ ನೀರನ್ನು ಗಡ್ಡೆ ಕಟ್ಟಿಸಿ ಇಟ್ಟರೆ ಹತ್ತಿಸುವಾಗ ಚೆಲ್ಲುವುದಿಲ್ಲ, ಆಮೇಲೆ ನಿಧಾನವಾಗಿ ಕರಗುತ್ತದೆ. ಔಷಧಿಯನ್ನು ಎರಡು ಪಾಲು ಮಾಡಿ, ಜೊತೆಗೆ ಬರುವವರ ಚೀಲದಲ್ಲಿ ಒಂದು ಪಾಲು ಇರಲಿ. ಲೆಕ್ಕಕ್ಕಿಂತ ಒಂದು ವಾರದ್ದು ಜಾಸ್ತಿ ಒಯ್ಯಿರಿ.

ಸೆಕ್ಯುರಿಟಿಯಲ್ಲಿ ಖಾಲಿ ಕ್ಯಾರಿಯರ್ ಮಾತ್ರ ಎಕ್ಸ್‌ರೇ ಯಂತ್ರಕ್ಕೆ ಹೋಗುತ್ತದೆ, ನಾಯಿಯನ್ನು ಎತ್ತಿಕೊಂಡು ನೀವು ದಾಟಬೇಕು. ಆ ಗದ್ದಲದಲ್ಲಿ ಕೊಸರಿಕೊಂಡು ಓಡುವ ನಾಯಿಗಳಿವೆ, ಹಾರ್ನೆಸ್ ಬಿಗಿಯಾಗಿರಲಿ. ನಾಯಿ ವಿಮಾನದ ಹೊಟ್ಟೆಯಲ್ಲಿದ್ದರೆ ಹತ್ತಿದ ಕೂಡಲೇ ಸಿಬ್ಬಂದಿಗೆ ಹೇಳಿ, “ಕೆಳಗೆ ನಮ್ಮ ನಾಯಿ ಇದೆ, ಹತ್ತಿಸಿದ್ದಾರಾ ಅಂತ ಸ್ವಲ್ಪ ಕೇಳಿ ಹೇಳ್ತೀರಾ?” ಅಂತ. ವಿಮಾನ ಹೊರಡದೆ ನೆಲದ ಮೇಲೇ ತುಂಬಾ ಹೊತ್ತು ನಿಂತರೆ ಮತ್ತೆ ಕೇಳಿ, ಸಂಕೋಚ ಬೇಡ.

ಕ್ಯಾಬಿನ್‌ನಲ್ಲಿ ಆಗಾಗ ಬಗ್ಗಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು, ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನ ಒಳಗೆ ಬಣ್ಣ ವಾಪಸ್ ಬರಬೇಕು. ಬೂದು, ನೀಲಿ ಕಂಡರೆ, ಕುತ್ತಿಗೆ ಚಾಚಿ ಉಸಿರೆಳೆಯುತ್ತಿದ್ದರೆ ಸಿಬ್ಬಂದಿಯನ್ನು ಕರೆಯಿರಿ.

ಇಳಿದ ಮೇಲೆ

ಮೊದಲು ನೀರು, ಆಮೇಲೆ ಉಚ್ಚೆಗೆ ನಡಿಗೆ, ಊಟ ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪವೇ. ಔಷಧಿ ಗಡಿಯಾರ ನೋಡಿ. ಅಂದು ರಾತ್ರಿ ಮಲಗಿದಾಗ ಉಸಿರು ಎಣಿಸಿ ಪುಸ್ತಕದ ಅಂಕಿಯ ಜೊತೆ ಹೋಲಿಸಿ. ಮುಂದಿನ ಎರಡು ಮೂರು ದಿನ ಕೆಮ್ಮು, ಮಂಕು, ಊಟ ಬಿಡುವುದು, ಹೊಟ್ಟೆ ಉಬ್ಬರ ಇದೆಯಾ ಗಮನಿಸಿ. ಹೋದ ಊರಿನಲ್ಲಿ ರಾತ್ರಿಯೂ ತೆರೆದಿರುವ ಪ್ರಾಣಿ ಆಸ್ಪತ್ರೆ ಯಾವುದು ಅನ್ನುವುದನ್ನು ಹೊರಡುವ ಮೊದಲೇ ಹುಡುಕಿ, ನಿಮ್ಮ ಡಾಕ್ಟರ ವರದಿಗಳನ್ನು ಅಲ್ಲಿಗೆ ಕಳಿಸಿಟ್ಟಿರಿ. ವಾಪಸ್ ಬರುವ ಟಿಕೆಟ್ ದಿನಾಂಕ ಬದಲಾಯಿಸಲು ಬರುವಂಥದ್ದೇ ತೆಗೆದುಕೊಳ್ಳಿ. ಬರುವ ದಾರಿಗೂ ಆರೋಗ್ಯ ಪ್ರಮಾಣಪತ್ರ ಹೊಸದಾಗಿ ಬೇಕಾಗುತ್ತದೆ, ಆ ಆಸ್ಪತ್ರೆಯಲ್ಲೇ ಅದಕ್ಕೂ ಸಮಯ ಗೊತ್ತುಮಾಡಿಕೊಂಡುಬಿಡಿ.